ನಕ್ಷತ್ರ ತೂಗುವ ಮನೆಗಳು

ಜರ್ಮನಿಯ ಬವೇರಿಯಾ ರಾಜ್ಯದಲ್ಲಿ, ಚೆಕ್ ಗಡಿಗೆ ಆತುಕೊಂಡಂತೆ, ಓಬರ್‌ಫಾಲ್ಟ್ಸ್ ಎಂಬ ಕಾಡು-ಕಣಿವೆಗಳ ಸೀಮೆಯಿದೆ. ಅಲ್ಲಿನ ವಿಂಡಿಷ್‌ಎಶೆನ್‌ಬಾಖ್ ಎಂಬ ಪುಟ್ಟ ಪಟ್ಟಣದಲ್ಲಿ ಯಾವುದಾದರೂ ಮನೆಯ ಮುಂದೆ ಚಾಚಿದ ಕೋಲಿಗೆ ಆರು ಮೂಲೆಯ ನಕ್ಷತ್ರ ತೂಗುತ್ತಿದ್ದರೆ, ಒಳಗೆ ಹೋಗಬಹುದು. ಈ ವಾರ ಈ ಮನೆಯಲ್ಲಿ ಬಿಯರ್ ಸಿದ್ಧವಾಗಿದೆ ಎಂದು ಅದರ ಅರ್ಥ. ಒಳಗೆ ಉದ್ದನೆಯ ಮೇಜು, ಬೆಂಚು, ಒಂದು ಒಲೆ. ಲೋಟ ತಂದಿಡುವವರು ಮನೆಯವರು; ಆ ಬಿಯರ್ ಮಾಡಿದವರೂ ಅವರೇ.

ಈ ಬಿಯರಿಗೆ ಅಲ್ಲಿ ತ್ಸೋಯ್ಗಲ್ ಎನ್ನುತ್ತಾರೆ. ಮಾಡುವ ರೀತಿ, ಕುಡಿಸುವ ಮನೆ, ಅಲ್ಲಿ ಕೂತು ಕಳೆಯುವ ಸಂಜೆ ಎಲ್ಲಕ್ಕೂ ಅದೇ ಹೆಸರು. ಜಗತ್ತಿನ ತುಂಬ ಕ್ರಾಫ್ಟ್ ಬ್ರೂವರಿಗಳು ಬಂದ ಅತಿಥಿಯನ್ನು ಹೇಗೆ ಉಳಿಸಿಕೊಳ್ಳುವುದು ಎಂದು ತಲೆ ಕೆಡಿಸಿಕೊಂಡಿರುವಾಗ, ಈ ಸೀಮೆಯ ಕೆಲವು ಕುಟುಂಬಗಳು ತಲೆಮಾರುಗಳಿಂದ ಅತಿಥಿಗಳನ್ನು ಉಳಿಸಿಕೊಂಡು ಬಂದಿವೆ. ಅವರ ಬಿಯರ್ ಆ ಮನೆ ಬಿಟ್ಟು ದೂರ ಹೋಗುವುದಿಲ್ಲ. ಬೇಕಾದವರು ಬರಬೇಕು. ಇಷ್ಟು ಸರಳವಾದ ಕಟ್ಟಳೆಯಿಂದ ಎಷ್ಟೆಲ್ಲ ಹುಟ್ಟಿದೆ ಎಂಬುದೇ ನನಗೆ ಈ ಪದ್ಧತಿಯಲ್ಲಿ ಅತ್ಯಂತ ಬೆಲೆಯುಳ್ಳದ್ದಾಗಿ ಕಾಣುತ್ತದೆ.

ತ್ಸೋಯ್ಗಲ್ ಮನೆಗಳಲ್ಲಿ ಬಿಯರ್ ಕುದಿಸುವ ಹಂಡೆ ಇರುವುದಿಲ್ಲ. ಹಂಡೆ ಊರಿನದು. ಊರೊಟ್ಟಿನ ಬ್ರೂಹೌಸಿನಲ್ಲಿ ಒಬ್ಬೊಬ್ಬರೂ ಸರದಿಯ ಮೇಲೆ ಬಂದು ತಮ್ಮ ಪಾಕ ಕುದಿಸಿಕೊಂಡು ಹೋಗುತ್ತಾರೆ. ಒಂದೇ ಆಲೆಮನೆಯಲ್ಲಿ ಊರಿನ ರೈತರು ಪಾಳಿಯಂತೆ ತಂತಮ್ಮ ಕಬ್ಬು ಅರೆಸಿ ಬೆಲ್ಲ ಮಾಡಿಕೊಳ್ಳುವುದನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಒಂದು ಕಾಲಕ್ಕೆ ಈ ಸೀಮೆಯ ಊರೂರಲ್ಲೂ ಇಂಥ ಬ್ರೂಹೌಸ್‌ಗಳಿದ್ದವು. ದೊಡ್ಡ ಕಾರ್ಖಾನೆಗಳು, ಶೀತಲ ಯಂತ್ರ, ಬಾಟಲಿ ಬಿಯರ್ ಬಂದ ಮೇಲೆ ಒಂದೊಂದೇ ಒಲೆ ಆರಿತು. ಇಂದು ಉಳಿದಿರುವುದು ಐದು ಊರುಗಳಲ್ಲಿ: ವಿಂಡಿಷ್‌ಎಶೆನ್‌ಬಾಖ್, ಅದಕ್ಕೆ ಅಂಟಿಕೊಂಡ ನೊಯ್‌ಹೌಸ್, ಫಾಲ್ಕೆನ್‌ಬೆರ್ಗ್, ಮಿಟ್ಟರ್‌ಟೈಖ್ ಮತ್ತು ಎಸ್ಲಾರ್ನ್.

ಕುದಿಸುವ ದಿನ ಹಂಡೆಯ ಕೆಳಗೆ ಸೌದೆ ಉರಿಯುತ್ತದೆ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ, ಅಂದರೆ ಮಾಲ್ಟಿನ, ನುಚ್ಚನ್ನು ಬಿಸಿನೀರಿನಲ್ಲಿ ಕಲಸಿ, ಅದರ ಸಿಹಿ ಬಿಟ್ಟುಕೊಳ್ಳುವವರೆಗೆ ಕಾಯುತ್ತಾರೆ. ಸೋಸಿದ ರಸಕ್ಕೆ ಹಾಪ್ಸ್ ಹೂ ಸೇರಿಸಿ ಕುದಿಸುತ್ತಾರೆ. ಕುದಿದದ್ದನ್ನು ಅಗಲವಾದ, ಆಳವಿಲ್ಲದ ತೊಟ್ಟಿಗೆ ಹರಿಸಿ ರಾತ್ರಿಯಿಡೀ ಆರಲು ಬಿಡುತ್ತಾರೆ. ಬೆಳಿಗ್ಗೆ ಆ ರಸ ಟ್ಯಾಂಕಿಗೆ ತುಂಬಿ, ಟ್ರ್ಯಾಕ್ಟರ್ ಏರಿ, ಬೀದಿಗಳನ್ನು ದಾಟಿ ಮನೆ ಸೇರುತ್ತದೆ. ಇನ್ನು ಮುಂದಿನದು ಮನೆಯ ನೆಲಮಾಳಿಗೆಯ ಕೆಲಸ. ಅಲ್ಲಿ ಯೀಸ್ಟ್ ಹಾಕಿ, ತಂಪಿನಲ್ಲಿ ನಿಧಾನವಾಗಿ ಹುದುಗಿಸಿ, ಆಮೇಲೆ ಕೆಲವು ವಾರ ಮಾಗಲು ಬಿಡುತ್ತಾರೆ. ಶೋಧಿಸುವುದಿಲ್ಲ, ಪಾಶ್ಚರೀಕರಿಸುವುದಿಲ್ಲ. ಹಂಡೆ ಬಳಸಿದ್ದಕ್ಕೆ ಪ್ರತಿ ಸಲವೂ ಹಂಡೆ-ಹಣ ಕೊಡಬೇಕು.

ಹಂಡೆ ಒಂದೇ ಆದರೂ ರುಚಿ ಒಂದೇ ಆಗಿರುವುದಿಲ್ಲ. ಮಾಲ್ಟ್ ಬೆರಕೆ, ಹಾಪ್ಸ್ ಪ್ರಮಾಣ, ನೆಲಮಾಳಿಗೆಯ ತಂಪು, ಮಾಗಿಸಿದ ದಿನಗಳು ಮನೆಯಿಂದ ಮನೆಗೆ ಬೇರೆ. ಅದೇ ಮನೆಯಲ್ಲೂ ಈ ಸಲದ್ದು ಹೋದ ಸಲದಂತೆ ಇರಬೇಕೆಂದಿಲ್ಲ. ಕಾರ್ಖಾನೆಯಲ್ಲಿ ಇದು ದೋಷ. ಇಲ್ಲಿ ಇದೇ ಮಾತಿಗೆ ಮೊದಲು. ಹೋದ ಸಲದ ರುಚಿ ನೆನಪಿರುವವನು ಮಾಡಿದವನ ಎದುರಿಗೇ ಕೂತು ಹೇಳುತ್ತಾನೆ, ಮಾಡಿದವನು ಕೇಳಿಸಿಕೊಳ್ಳುತ್ತಾನೆ. ಅತಿಥಿಯ ಅಭಿಪ್ರಾಯ ತಿಳಿಯಲು ಇದಕ್ಕಿಂತ ನೇರವಾದ ದಾರಿಯನ್ನು ನಾನು ಕಾಣೆ.

ಬಿಯರ್ ಮಾಡುವ ಹಕ್ಕು ಮನುಷ್ಯನಿಗೆ ಸೇರಿದ್ದಲ್ಲ, ಮನೆಗೆ ಸೇರಿದ್ದು. ನೊಯ್‌ಹೌಸ್‌ನವರಿಗೆ ಆ ಹಕ್ಕು ದೊರೆತದ್ದು 1415ರಲ್ಲಿ. ಬಿಯರಿಗೆ ಬಾರ್ಲಿ, ಹಾಪ್ಸ್, ನೀರು ಬಿಟ್ಟು ಬೇರೇನೂ ಹಾಕಕೂಡದೆಂಬ ಬವೇರಿಯಾದ ಪ್ರಸಿದ್ಧ ಕಟ್ಟಳೆ ಬಂದದ್ದು ಅದಾದ 101 ವರ್ಷಕ್ಕೆ, 1516ರಲ್ಲಿ. ಮನೆ ಕೈ ಬದಲಾದರೆ ಹಕ್ಕೂ ಅದರ ಜೊತೆ ಹೋಗುತ್ತದೆ. ಹೆಸರಿನದೂ ಇದೇ ಕತೆ. ಶಾಫರ್‌ಹೋಫ್, ಬಾಹ್ಲರ್, ಟೈಖರ್ ಎಂದು ಮನೆಗಳಿಗೇ ಹೆಸರುಗಳಿವೆ, ಒಳಗಿರುವವರ ಮನೆತನದ ಹೆಸರು ಬೇರೆಯೇ ಆಗಿರಬಹುದು. ಹೀಗಾಗಿ ಅತಿಥಿಯ ನಂಟು ಒಬ್ಬ ಮಾಲೀಕನ ಕಾಲಕ್ಕೆ ಮುಗಿಯುವುದಿಲ್ಲ. ಅಜ್ಜ ಹೋಗುತ್ತಿದ್ದ ಮನೆಗೇ ಮೊಮ್ಮಗಳೂ ಹೋಗುತ್ತಾಳೆ.

ಎಲ್ಲ ಮನೆಗಳೂ ಒಟ್ಟಿಗೆ ತೆರೆದಿರುವುದಿಲ್ಲ. ಸಾಮಾನ್ಯವಾಗಿ ಒಂದು ಮನೆ ತಿಂಗಳಿಗೊಮ್ಮೆ, ಶುಕ್ರವಾರದಿಂದ ಸೋಮವಾರದವರೆಗೆ ಬಾಗಿಲು ತೆರೆಯುತ್ತದೆ. ಯಾವ ವಾರ ಯಾರದು ಎಂದು ವರ್ಷದ ಕ್ಯಾಲೆಂಡರ್ ಮೊದಲೇ ಅಚ್ಚಾಗುತ್ತದೆ. ನೆರೆಯವನ ವಾರದಲ್ಲಿ ಇವನೂ ಅಲ್ಲಿ ಅತಿಥಿ. ಪೈಪೋಟಿ ಇಲ್ಲವೆಂದಲ್ಲ, ಆದರೆ ಅದು ಸರದಿಯ ಕಟ್ಟಿನೊಳಗಿನ ಪೈಪೋಟಿ. ತಿಂಗಳಿಗೊಮ್ಮೆ ಮಾತ್ರ ತೆರೆಯುವ ಬಾಗಿಲಿಗೆ ಜನ ದಿನ ಎಣಿಸಿ ಬರುತ್ತಾರೆ. ಇಡೀ ವರ್ಷ, ಇಡೀ ದಿನ ಸಿಗುವುದಕ್ಕೆ ಹಾಗೆ ಕಾಯುವವರಿಲ್ಲ.

ಊಟವೆಂದರೆ ಬ್ರೆಡ್ಡು, ಮನೆಯಲ್ಲೇ ಮಾಡಿದ ಸಾಸೇಜು, ಚೀಸು, ಉಪ್ಪಿನಲ್ಲಿ ಹಾಕಿದ ಸೌತೆಮಿಡಿ. ಕೂರಲು ಪ್ರತ್ಯೇಕ ಮೇಜು ಕೇಳುವಂತಿಲ್ಲ. ಜಾಗವಿದ್ದಲ್ಲಿ ಸರಿದು ಕೂರಬೇಕು. ಪಕ್ಕದವರು ಬಡಗಿಯೋ ಡಾಕ್ಟರೋ, ಅಲ್ಲಿ ಎಲ್ಲರೂ ಏಕವಚನದವರು. ವಿಂಡಿಷ್‌ಎಶೆನ್‌ಬಾಖ್ ಊರ ಹೊರಗೆ ಭೂಮಿಯನ್ನು 9,101 ಮೀಟರ್ ಆಳಕ್ಕೆ ಕೊರೆದು 1994ರಲ್ಲಿ ನಿಲ್ಲಿಸಿದ ಪ್ರಸಿದ್ಧ ವೈಜ್ಞಾನಿಕ ಬಾವಿಯಿದೆ. ಅದನ್ನು ನೋಡಲು ಬಂದವರೂ ಸಂಜೆ ಇಂಥದೇ ಬೆಂಚಿನ ಮೇಲೆ ಸ್ಥಳೀಯರ ಪಕ್ಕ ಕೂರಬಹುದು. ರೇಗೆನ್ಸ್‌ಬುರ್ಗ್‌ನಲ್ಲಿ ಕೆಲಸಕ್ಕಿರುವ ನಮ್ಮ ಕನ್ನಡದ ಎಂಜಿನಿಯರುಗಳಿಗೆ ಇದು ದೂರವೇನಲ್ಲ. ಅಲ್ಲಿಂದ ಹೋಫ್ ಎಂಬ ಊರಿನ ಕಡೆ ಹೋಗುವ ರೈಲು ಇಲ್ಲಿ ನಿಲ್ಲುತ್ತದೆ.

ಹೊಸ ಕಾಲದ ಬ್ರೂವರಿಗಳು ಅತಿಥಿಯೊಂದಿಗಿನ ಇದೇ ನಂಟನ್ನು ಬೇರೆ ದಾರಿಗಳಲ್ಲಿ ಹುಡುಕಿವೆ. ಸ್ಕಾಟ್ಲೆಂಡಿನ ಬ್ರೂಡಾಗ್ 2009ರಲ್ಲಿ ತನ್ನ ಗ್ರಾಹಕರಿಗೇ ಷೇರು ಮಾರತೊಡಗಿತು; ಷೇರುದಾರರು ಮುಂದೆ 2 ಲಕ್ಷ ದಾಟಿದರು. ಬೆಳೆಯಲು ಹಣ ಬಂತು, ಅಭಿಮಾನಿಗಳ ಪಡೆಯೂ ಬಂತು. ಆದರೆ ಷೇರು ಕೊಂಡವನು ಒಂದಲ್ಲ ಒಂದು ದಿನ ಅದರ ಬೆಲೆ ಕೇಳುತ್ತಾನೆ. ಅಲ್ಲಿಗೆ ಅತಿಥಿ ಹೂಡಿಕೆದಾರನಾಗಿರುತ್ತಾನೆ, ನಂಟಿನ ಲೆಕ್ಕವೇ ಬದಲಾಗಿರುತ್ತದೆ.

ಬೆಲ್ಜಿಯಮ್ಮಿನ ವೆಸ್ಟ್‌ವ್ಲೆಟರೆನ್ ಮಠದಲ್ಲಿ ಬಿಯರ್ ಮಾಡುವ ಸಂನ್ಯಾಸಿಗಳು ನನಗೆ ತ್ಸೋಯ್ಗಲ್ ಮನೆಯವರಿಗೆ ಹೆಚ್ಚು ಹತ್ತಿರದವರಾಗಿ ತೋರುತ್ತಾರೆ. 2005ರಲ್ಲಿ ಬಿಯರ್ ಪ್ರಿಯರ ಶ್ರೇಯಾಂಕದಲ್ಲಿ ಅವರ ಬಿಯರ್ ಜಗತ್ತಿನಲ್ಲೇ ಶ್ರೇಷ್ಠ ಎನಿಸಿಕೊಂಡು ಮಠದ ಮುಂದೆ ಕಾರುಗಳ ಸಾಲು ನಿಂತಾಗಲೂ, ಬೇಡಿಕೆಯ ಹಿಂದೆ ಓಡಿ ಅವರು ಉತ್ಪಾದನೆ ಹಿಗ್ಗಿಸಲಿಲ್ಲ. ಫೋನಿನಲ್ಲಿ ಮೊದಲೇ ಕಾಯ್ದಿರಿಸಿ, ಕಾರಿನ ನಂಬರು ಕೊಟ್ಟು, ಮಠದ ಬಾಗಿಲಿಗೆ ಬಂದು ಒಯ್ಯಬೇಕಿತ್ತು. ಮರುಮಾರಾಟ ಮಾಡಕೂಡದು ಎಂದರು. 2019ರಲ್ಲಿ ಕಾಯ್ದಿರಿಸುವುದು ಫೋನಿನಿಂದ ಆನ್‌ಲೈನಿಗೆ ಬಂತು. ನಡುವೆ ಅಂಗಡಿಯವನು ಬರಬಾರದೆಂಬ ಹಟ ಮಾತ್ರ ಆಗಲೂ ಉಳಿದಿತ್ತು.

ಬೆಂಗಳೂರಿನಲ್ಲಿ 2010ರ ದಶಕದ ಆರಂಭದಿಂದ ಬೆಳೆದ ಬ್ರೂಪಬ್‌ಗಳ ತಳಹದಿಯೂ ಮಾಡಿದ ಜಾಗದಲ್ಲೇ ಬಡಿಸುವುದು. ಓಬರ್‌ಫಾಲ್ಟ್ಸ್‌ನಲ್ಲಿ ರೂಢಿ ಕೊಟ್ಟದ್ದನ್ನು ಇಲ್ಲಿ ಪರವಾನಗಿಯ ಷರತ್ತು ಕೊಟ್ಟಿತು. ಗಾಜಿನಾಚೆ ಟ್ಯಾಂಕುಗಳು ಕಾಣುತ್ತವೆ. ಆದರೆ ಟ್ಯಾಂಕಿನ ಪಕ್ಕ ನಿಂತವರು ಎಷ್ಟು ಕಡೆ ಮೇಜಿನ ಬಳಿಗೆ ಬಂದು ಮಾತಾಡುತ್ತಾರೆ? ಬಿಯರ್ ಮಾಡಿದವರು ವಾರಕ್ಕೊಂದು ಸಂಜೆ ಗಾಜಿನ ಈಚೆಗೆ ಬಂದು, ಈ ಸಲ ಮಾಲ್ಟ್ ಏಕೆ ಬದಲಾಯಿತು ಎಂದು ಹೇಳಲಿ, ಬೇಡವೆಂದವರ ಮಾತನ್ನೂ ಕೇಳಲಿ. ಅದಕ್ಕೆ ರಿಯಾಯಿತಿ ಕಾರ್ಡಿನಷ್ಟು ಖರ್ಚೂ ಇಲ್ಲ.

ತ್ಸೋಯ್ಗಲ್ ಸಂಸ್ಕೃತಿ 2018ರಲ್ಲಿ ಜರ್ಮನಿಯ ಅಮೂರ್ತ ಪರಂಪರೆಯ ರಾಷ್ಟ್ರೀಯ ಪಟ್ಟಿ ಸೇರಿತು. ಹೆಸರು ಬೆಳೆದಂತೆ ಅದನ್ನು ಬಳಸುವವರೂ ಬೆಳೆದರು. ಊರೊಟ್ಟಿನ ಹಂಡೆಗೂ ಸರದಿಗೂ ಸಂಬಂಧವಿಲ್ಲದ ಬ್ರೂವರಿಗಳು ಬಾಟಲಿಯ ಮೇಲೆ ತ್ಸೋಯ್ಗಲ್ ಎಂದು ಅಚ್ಚುಹಾಕಿ ಅಂಗಡಿಗಳಲ್ಲಿ ಮಾರುತ್ತಿವೆ. ಇದಕ್ಕೆ ಎದುರಾಗಿ ಊರೊಟ್ಟಿನ ಹಂಡೆಯವರು ಒಂದು ಕೂಟ ಕಟ್ಟಿಕೊಂಡು ತಮ್ಮದೇ ಗುರುತು ಮಾಡಿಕೊಂಡಿದ್ದಾರೆ. ಊರಿನ ಹಂಡೆಯಲ್ಲಿ ಕುದಿಸಿ, ತಮ್ಮ ನೆಲಮಾಳಿಗೆಯಲ್ಲಿ ಮಾಗಿಸಿ, ತಮ್ಮ ಕೋಣೆಯಲ್ಲಿ ತಾವೇ ಬಡಿಸುವವರ ಬಿಯರನ್ನು ಆ ಗುರುತು ಉಳಿದವುಗಳಿಂದ ಬೇರೆಯಾಗಿ ತೋರಿಸುತ್ತದೆ.