ಬಿಸಿಲಿಗೆ ಬರವಿಲ್ಲ, ನೀರು ನೋಡಿ ಸೋಲಾರ್ ಕೊಳ್ಳಿ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆ ಬಿಸಿಲಿಗೆ ಬರವಿಲ್ಲ. ಜಳಕದ ಹಂಡೆಗೆ ತೊಗರಿಕಟ್ಟಿಗೆ, ಹತ್ತಿಕಟ್ಟಿಗೆ ಒಟ್ಟುತ್ತಿದ್ದ ಮನೆಗಳ ಮೇಲೂ ಈಗ ಸೋಲಾರ್ ವಾಟರ್ ಹೀಟರ್ ಕಾಣುತ್ತದೆ. 100 ಲೀಟರ್ ನೀರನ್ನು 25ರಿಂದ 60 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಲು ಸುಮಾರು 4 ಯೂನಿಟ್ ವಿದ್ಯುತ್ ಬೇಕು. ಅಷ್ಟು ಶಾಖವನ್ನು 2 ಚದರ ಮೀಟರಿನ ಫಲಕ ಒಂದು ದಿನದ ಒಳ್ಳೆಯ ಬಿಸಿಲಿನಲ್ಲೇ ಹಿಡಿಯುತ್ತದೆ. ಪಂಪೂ ಬೇಡ: ಕಾದ ನೀರು ಹಗುರಾಗಿ ಮೇಲಿನ ಟ್ಯಾಂಕಿಗೆ ಏರುತ್ತದೆ, ತಣ್ಣೀರು ಕೆಳಗಿಳಿಯುತ್ತದೆ.

ಆದರೂ ಬರಬರುತ್ತ ನೀರು ಉಗುರುಬೆಚ್ಚಗಾಗಿಬಿಟ್ಟರೆ ತಪ್ಪು ಸೂರ್ಯನದಲ್ಲ, ಬೋರ್‌ವೆಲ್‌ನದು. ಮುದ್ದೇಬಿಹಾಳ–ತಾಳಿಕೋಟೆ ಸೀಮೆಯಲ್ಲಿ ನೆಲದಡಿ ಸುಣ್ಣದ ಕಲ್ಲೇ ಇದೆ. ಗಡಸು ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬೊನೇಟ್ ಕಾವು ತಗುಲಿದೊಡನೆ ಒಡೆದು ಕಾರ್ಬೊನೇಟ್ ಆಗುತ್ತದೆ. ಸಕ್ಕರೆ ಬಿಸಿನೀರಿನಲ್ಲಿ ಹೆಚ್ಚು ಕರಗುತ್ತದೆ. ಈ ಕಾರ್ಬೊನೇಟ್ ಮಾತ್ರ ಕಡಿಮೆ ಕರಗುತ್ತದೆ. ಹಾಗಾಗಿ ಎಲ್ಲಿ ಬಿಸಿ ಹೆಚ್ಚೋ ಅಲ್ಲೇ ಬಿಳಿ ಹಕ್ಕಳೆಯಾಗಿ ಕೂರುತ್ತದೆ, ಶಾಖವನ್ನೂ ತಡೆಯುತ್ತದೆ.

ಚಪ್ಪಟೆ ಫಲಕದ ಹೀಟರಿನಲ್ಲಿ ನೀರು ಹರಿಯುವುದು ಸುಮಾರು ಅರ್ಧ ಇಂಚಿನ ತಾಮ್ರದ ನಳಿಗೆಗಳಲ್ಲಿ. ಅವು ಬೇಗ ಕಟ್ಟುತ್ತವೆ. ಇನ್ನೊಂದು ಬಗೆಯ ಹೀಟರಿನಲ್ಲಿರುವ ನಿರ್ವಾತ ಗಾಜಿನ ಕೊಳವೆಗಳ ಬಾಯಿ ಅಗಲ, ಬಿಚ್ಚಿ ತೊಳೆಯಲೂ ಬರುತ್ತದೆ. ಬರೀ ಬೋರ್ ನೀರಿರುವ ಮನೆಗೆ ನನ್ನ ಆಯ್ಕೆ ಈ ಕೊಳವೆಯದೇ. ಫಲಕವೇ ಬೇಕೆಂದರೆ ಬೋರ್ ನೀರು ನಳಿಗೆಗಳಿಗೆ ಹೋಗದಂತೆ ಮಾಡುವ ಶಾಖ ವಿನಿಮಯಕ ಇರುವುದನ್ನು ಕೇಳಿ ಪಡೆಯಿರಿ. ನಲ್ಲಿಯಲ್ಲಿ ಹೊಳೆ ನೀರು ಬರುವ ಊರಿನವರಿಗೆ ಈ ಚಿಂತೆ ಕಡಿಮೆ. 2007ರಲ್ಲಿ ಸರ್ಕಾರ ನಿಗದಿತ ಅಳತೆಯ ಹೊಸ ಕಟ್ಟಡಗಳಿಗೆ ಸೋಲಾರ್ ಹೀಟರ್ ಕಡ್ಡಾಯ ಮಾಡಿತು. ಯಾವ ನೀರಿಗೆ ಯಾವ ಹೀಟರ್ ಎಂಬ ತಿಳಿವಳಿಕೆ ಮಾತ್ರ ಮನೆಮನೆಗೆ ಇನ್ನೂ ತಲುಪಬೇಕಿದೆ.

ಹಕ್ಕಳೆಯ ಗುಣ ನೋಡಬೇಕೆಂದರೆ ಅದರ ಚೂರಿನ ಮೇಲೆ ಇಂಡಿಯ ಲಿಂಬೆಹಣ್ಣು ಹಿಂಡಿ. ಚುರುಚುರು ನೊರೆಯೆದ್ದು ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ, ಸುಣ್ಣ ಕರಗುತ್ತದೆ. ಅಂಗಡಿಯ ಸಿಟ್ರಿಕ್ ಆಮ್ಲದಿಂದ ಕೊಳವೆ ತೊಳೆಯುವುದೂ ಇದೇ ತತ್ವದಿಂದ. ಟ್ಯಾಂಕಿನ ಲೋಹಕ್ಕೆ ಅದು ಹೊಂದುತ್ತದೆಯೇ ಎಂದು ಮೊದಲು ಕೇಳಿಕೊಳ್ಳಿ.

ಇನ್ನೆರಡು ಮಾತು. ತುಂಬಿದ 100 ಲೀಟರ್ ಟ್ಯಾಂಕಿನ ನೀರೊಂದೇ ಒಂದು ಕ್ವಿಂಟಲ್ ಭಾರ, ಹಳೆಯ ಮಣ್ಣಿನ ಮಾಳಿಗೆಯ ತೊಲೆಗಳನ್ನು ಪರೀಕ್ಷಿಸದೆ ಅದನ್ನು ಏರಿಸಬಾರದು. ಖಾಲಿ ಬಿದ್ದ ಗಾಜಿನ ಕೊಳವೆಗೆ ನಡುಮಧ್ಯಾಹ್ನ ತಣ್ಣೀರು ಬಿಟ್ಟರೆ ಫಟ್ಟನೆ ಸೀಳುತ್ತದೆ. ನಲ್ಲಿ ಯಾವಾಗ ಬಂದರೂ ಹೀಟರಿಗೆ ನೀರು ತುಂಬುವುದು ಹೊತ್ತು ಮೂಡುವ ಮುಂಚೆಯೇ ಇರಲಿ.