ಲಕ್ಷ್ಮಣರಾವ್ ಕಿರ್ಲೋಸ್ಕರ್: ಶಿಕ್ಷಕ, ಉದ್ಯಮಿ, ಸಂಸ್ಕೃತಿಪೋಷಕ

ಬ್ರಿಟಿಷ್ ಆಳ್ವಿಕೆಯ ಕಾಲದ ವಿದ್ಯಾಪೋಷಣೆಯನ್ನು ಕುರಿತು ಬರೆಯುವಾಗ ಅರಸರು, ವರ್ತಕರು ಹಾಗೂ ಮಠಗಳ ಹೆಸರನ್ನು ನಾವು ಮೊದಲು ಸ್ಮರಿಸುತ್ತೇವೆ. ಶಿಕ್ಷಕ ವೃತ್ತಿಯಿಂದ ಹೊರಟು ಯಂತ್ರೋದ್ಯಮವನ್ನು ಕಟ್ಟಿ, ಅದರ ಆಶ್ರಯದಲ್ಲಿ ಲೋಕಶಿಕ್ಷಣಕ್ಕೂ ಸಾಹಿತ್ಯಕ್ಕೂ ಎಡೆಮಾಡಿಕೊಟ್ಟವರು ವಿರಳ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1869ರ ಜೂನ್ 20ರಂದು ಜನಿಸಿದ ಲಕ್ಷ್ಮಣರಾವ್ ಕಾಶೀನಾಥ ಕಿರ್ಲೋಸ್ಕರ್ ಅಂತಹವರಲ್ಲಿ ಒಬ್ಬರು. ಮರಾಠಿ ಸಂಗೀತ ನಾಟಕದ ಪ್ರವರ್ತಕ ಅಣ್ಣಾಸಾಹೇಬ ಕಿರ್ಲೋಸ್ಕರರೂ (1843-1885) ಇದೇ ಊರಿನವರು.

ಚಿತ್ರಕಾರನಾಗಬೇಕೆಂಬ ಆಸೆಯಿಂದ ಲಕ್ಷ್ಮಣರಾಯರು ಮುಂಬಯಿಯ ಜೆ.ಜೆ. ಕಲಾಶಾಲೆಯನ್ನು ಸೇರಿದರು. ಭಾಗಶಃ ವರ್ಣಾಂಧತೆ ಇರುವುದು ತಿಳಿದುಬಂದಾಗ ಚಿತ್ರಕಲೆಯನ್ನು ತೊರೆದು ಯಂತ್ರಗಳ ನಕ್ಷೆರಚನೆಯತ್ತ ಹೊರಳಿದರು. ಮುಂದೆ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅದೇ ವಿಷಯದ ಶಿಕ್ಷಕರಾದರು. ತಮಗೆ ಸಲ್ಲಬೇಕಾಗಿದ್ದ ಬಡ್ತಿಯು ಆಂಗ್ಲೋ-ಇಂಡಿಯನ್ ಒಬ್ಬರ ಪಾಲಾದಾಗ ಅವರು ಆ ಹುದ್ದೆಯನ್ನು ತ್ಯಜಿಸಿದರು.

ಬೆಳಗಾವಿಯಲ್ಲಿ ಸಹೋದರ ರಾಮಚಂದ್ರರಾಯರೊಡನೆ 1888ರಲ್ಲಿಯೇ ಆರಂಭಿಸಿದ್ದ ಸೈಕಲ್ ಅಂಗಡಿಯು ಅವರ ಉದ್ಯಮಕ್ಕೆ ತಳಹದಿಯಾಯಿತು. ಅಲ್ಲಿ ಸೈಕಲ್ ಮಾರುವುದರ ಜೊತೆಗೆ ಸವಾರಿಯನ್ನೂ ಕಲಿಸಲಾಗುತ್ತಿತ್ತು. ಬಳಿಕ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲುಗಳ ತಯಾರಿಕೆ ಮೊದಲಾಯಿತು. ಕಬ್ಬಿಣ ತಾಗಿದರೆ ಭೂಮಿ ವಿಷವಾಗುವುದೆಂಬ ನಂಬಿಕೆ ರೈತರಲ್ಲಿ ಬೇರೂರಿದ್ದುದರಿಂದ ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು. ಯಂತ್ರವನ್ನು ತಯಾರಿಸುವುದಕ್ಕಿಂತ ಅದರ ಉಪಯೋಗವನ್ನು ಜನರಿಗೆ ತಿಳಿಯಹೇಳುವುದು ಕಠಿಣವೆಂಬ ಈ ಅನುಭವ ಅವರ ಮುಂದಿನ ಕಾರ್ಯಗಳನ್ನು ಅರಿಯಲು ಕೀಲಿಕೈಯಾಗಿದೆ.

ಬೆಳಗಾವಿಯಲ್ಲಿ ಸ್ಥಳದ ತೊಡಕು ಎದುರಾದಾಗ ನೆರವಿತ್ತವರು ಔಂಧ್ ಸಂಸ್ಥಾನದ ಅರಸ ಬಾಳಾಸಾಹೇಬ ಪಂತ ಪ್ರತಿನಿಧಿ. ಸ್ವತಃ ಚಿತ್ರಕಾರರೂ ಕಲಾಸಂಗ್ರಾಹಕರೂ ಆಗಿದ್ದ ಅವರು ಕುಂಡಲ್ ರೈಲು ನಿಲ್ದಾಣದ ಸಮೀಪದ 32 ಎಕರೆ ಬರಡು ಭೂಮಿಯನ್ನೂ 10,000 ರೂಪಾಯಿ ಸಾಲವನ್ನೂ ಒದಗಿಸಿದರು. 1910ರಲ್ಲಿ ಅಲ್ಲಿ ಕಿರ್ಲೋಸ್ಕರವಾಡಿ ತಲೆಯೆತ್ತಿತು. ಹಳ್ಳಿಗರು ಅಲ್ಲಿ ಕುಶಲ ಕಾರ್ಮಿಕರಾದರು. ಅಸ್ಪೃಶ್ಯತೆಯ ಆಚರಣೆಗೆ ಅಲ್ಲಿ ಎಡೆಯಿರಲಿಲ್ಲ. ಸೆರೆವಾಸ ಮುಗಿಸಿ ಬಂದವರಿಗೂ ಕೆಲಸ ದೊರೆಯಿತು.

ಸಂಸ್ಕೃತಿಯ ದೃಷ್ಟಿಯಿಂದ ಮುಖ್ಯವಾದುದು ಪತ್ರಿಕಾ ಪ್ರಕಟಣೆ. 1920ರಲ್ಲಿ ಉದ್ಯಮದ ವಾರ್ತಾಪತ್ರವಾಗಿ ಹುಟ್ಟಿದ ‘ಕಿರ್ಲೋಸ್ಕರ್ ಖಬರ್’ ಕ್ರಮೇಣ ಮರಾಠಿಯ ಪ್ರಮುಖ ಮಾಸಪತ್ರಿಕೆಯಾಗಿ ಬೆಳೆಯಿತು. 1930ರಲ್ಲಿ ‘ಸ್ತ್ರೀ’, 1934ರಲ್ಲಿ ‘ಮನೋಹರ್’ ಅದನ್ನು ಅನುಸರಿಸಿದವು. ಇವುಗಳ ಸಂಪಾದಕ ಶಂಕರರಾವ್ ಕಿರ್ಲೋಸ್ಕರ್ ಲಕ್ಷ್ಮಣರಾಯರ ಸಹೋದರನ ಪುತ್ರ, ಸ್ವತಃ ಚಿತ್ರಕಾರರು. ಮಹಿಳೆಯರ ಶಿಕ್ಷಣ, ವಿವಾಹ, ವೈಜ್ಞಾನಿಕ ಮನೋಭಾವ ಮುಂತಾದ ವಿಷಯಗಳು ಈ ಪುಟಗಳಲ್ಲಿ ಚರ್ಚೆಗೊಂಡವು.

ಇದನ್ನು ದಾನವೆನ್ನಬಹುದೇ? ಕೊಟ್ಟು ಮರೆಯುವ ಸಾಂಪ್ರದಾಯಿಕ ಅರ್ಥದಲ್ಲಿ ಅಲ್ಲ. ಪತ್ರಿಕೆಯು ಆರಂಭದಲ್ಲಿ ವ್ಯಾಪಾರದ ಸಾಧನವೇ ಆಗಿತ್ತೆಂಬುದನ್ನು ಮರೆಮಾಚಬೇಕಾಗಿಲ್ಲ. ಆದರೆ ಗಿರಾಕಿಯನ್ನು ಓದುಗನನ್ನಾಗಿ, ಓದುಗನನ್ನು ವಿಚಾರವಂತನನ್ನಾಗಿ ರೂಪಿಸಲು ಉದ್ಯಮದ ಸಂಪನ್ಮೂಲವನ್ನು ದಶಕಗಳ ಕಾಲ ವಿನಿಯೋಗಿಸಿದುದು ಲಾಭದ ಲೆಕ್ಕಾಚಾರವನ್ನು ಮೀರಿದ ಕಾರ್ಯ. ಒಮ್ಮೆ ನೀಡಿದ ದತ್ತಿಗಿಂತ ಇದು ಹೆಚ್ಚು ವ್ಯಾಪಕವಾದ ಪರಿಣಾಮವನ್ನು ಬೀರಿತು.

ಆದರೆ ಕನ್ನಡ ನೆಲದಲ್ಲಿ ಹುಟ್ಟಿದ ಈ ಸಾಹಸದ ಸಾಹಿತ್ಯಫಲ ಮರಾಠಿಗೆ ಸಂದಿತು. ಕನ್ನಡ ನಾಡಿಗೆ ದೊರೆತುದು ಯಂತ್ರವಿದ್ಯೆ: 1941ರಲ್ಲಿ ಹರಿಹರದಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಲೇಥ್ ಯಂತ್ರಗಳನ್ನು ತಯಾರಿಸಿತು. ಆ ಕಾರ್ಖಾನೆ ಇಂದು ಉಳಿದಿಲ್ಲ. ಅಲ್ಲಿ ಪಳಗಿದ ಕಾರ್ಮಿಕರ ಜ್ಞಾನಪರಂಪರೆಯನ್ನು, ಅದನ್ನು ಬಲ್ಲವರು ಇರುವಾಗಲೇ ದಾಖಲಿಸಬೇಕಾಗಿದೆ.

ಲಕ್ಷ್ಮಣರಾಯರು 1956ರ ಸೆಪ್ಟೆಂಬರ್ 26ರಂದು ನಿಧನರಾದರು. 1969ರಲ್ಲಿ ಅವರ ಜನ್ಮಶತಾಬ್ದಿಯ ನಿಮಿತ್ತ ಅಂಚೆ ಇಲಾಖೆಯು ಅಂಚೆಚೀಟಿಯನ್ನು ಹೊರತಂದಿತು. ಉದ್ಯಮದ ಚರಿತ್ರೆಯನ್ನೂ ಸಾಂಸ್ಕೃತಿಕ ಚರಿತ್ರೆಯನ್ನೂ ಬೇರೆ ಬೇರೆಯಾಗಿ ಬರೆಯುವ ನಮ್ಮ ರೂಢಿಯಲ್ಲಿ ಇಂತಹ ವ್ಯಕ್ತಿಗಳ ಅರ್ಧ ಭಾಗ ಮಾತ್ರ ಕಾಣಿಸುತ್ತದೆ. ಗಡಿನಾಡಿನ ಎರಡೂ ಭಾಷೆಗಳ ಆಕರಗಳನ್ನು ಒಟ್ಟಿಗೆ ಓದಿದಾಗಲಷ್ಟೇ ಅವರ ಪೂರ್ಣಚಿತ್ರ ದೊರಕೀತು.