ಕೇಕಿಗೆ ಎಷ್ಟು ಗನಾಶ್ ಬೇಕು?

ಮಡಿಕೇರಿ, ವಿರಾಜಪೇಟೆ, ಗೋಣಿಕೊಪ್ಪಲಿನ ಕಡೆ ಮನೆಯಲ್ಲೇ ಕೇಕ್ ಮಾಡಿ ಆರ್ಡರ್ ಕೊಡುವ ಹೆಣ್ಣುಮಕ್ಕಳಿದ್ದಾರೆ. ಆರ್ಡರ್ ಬರುವುದೂ ಕೆ.ಜಿ. ಲೆಕ್ಕದಲ್ಲಿ, ದುಡ್ಡು ಕೇಳುವುದೂ ಕೆ.ಜಿ. ಲೆಕ್ಕದಲ್ಲಿ. ಹಾಗಾಗಿ ಚಾಕೊಲೇಟ್, ಕ್ರೀಮ್ ಕೂಡಿಸಿ ಮೇಲೆ ಬಳಿಯುವ ಗನಾಶನ್ನೂ ಅದೇ ಲೆಕ್ಕಕ್ಕೆ ಸೇರಿಸಿಬಿಡುತ್ತೇವೆ: ‘ಒಂದು ಕೆ.ಜಿ. ಕೇಕಿಗೆ ಅರ್ಧ ಕೆ.ಜಿ. ಗನಾಶ್.’ ಒಂದೇ ಅಳತೆಯ ಟಿನ್ನಿನಲ್ಲಿ ಕೇಕ್ ಮಾಡುವಷ್ಟು ದಿನ ಈ ಮಾತು ಹೇಗೋ ನಡೆಯುತ್ತದೆ. ಟಿನ್ ಬದಲಾದ ದಿನ ಕೈಕೊಡುತ್ತದೆ. ರಾತ್ರಿ ಹತ್ತಕ್ಕೆ ಗನಾಶ್ ಸಾಲದೆ ಬಂದರೆ ನಮ್ಮ ಊರುಗಳಲ್ಲಿ ಚಾಕೊಲೇಟ್ ಸ್ಲ್ಯಾಬ್ ಸಿಗುವ ಅಂಗಡಿ ತೆರೆದಿರುವುದಿಲ್ಲ.

ಗನಾಶ್ ಹತ್ತುವುದು ಕೇಕಿನ ಮೈಗೆ. ಮೈ ಎಷ್ಟು ಅಗಲ, ಬಳಿಯುವುದು ಎಷ್ಟು ದಪ್ಪ, ಇವೆರಡೇ ಮುಖ್ಯ. ತಕ್ಕಡಿಗಿಂತ ಮೊದಲು ಸ್ಕೇಲ್ ಹಿಡಿಯಬೇಕು.

20 ಸೆಂ.ಮೀ. ಅಗಲ, 10 ಸೆಂ.ಮೀ. ಎತ್ತರದ ದುಂಡನೆಯ ಕೇಕ್ ತೆಗೆದುಕೊಳ್ಳೋಣ. ಅಂದಾಜು ಎಂಟು ಇಂಚಿನ ಟಿನ್ನಿನದು. ಅಗಲದ ಅರ್ಧ 10, 10×10×3.14 ಅಂದರೆ ಮೇಲ್ಭಾಗ 314 ಚದರ ಸೆಂ.ಮೀ. ಸುತ್ತಲಿನ ಗೋಡೆ 20×3.14×10, ಅಂದರೆ 628. ಎರಡೂ ಸೇರಿ 942. ಅರ್ಧ ಸೆಂ.ಮೀ. ದಪ್ಪ ಬಳಿದರೆ 471 ಮಿ.ಲೀ. ಬೇಕು. ಗನಾಶ್ ನೀರಿಗಿಂತ ತುಸು ಭಾರ; 1.15ರಿಂದ ಗುಣಿಸಿದರೆ ಸುಮಾರು 540 ಗ್ರಾಂ. ಇದು ಹೊರಮೈಗೆ ಮಾತ್ರ. ಕೇಕನ್ನು ಮೂರು ಪದರವಾಗಿ ಕೊಯ್ದು ನಡುವೆ ಎರಡು ಕಡೆ ಅಷ್ಟೇ ದಪ್ಪ ಹಚ್ಚಿದರೆ ಮತ್ತೆ 360 ಗ್ರಾಂ. ಒಟ್ಟು 900. ಪಾತ್ರೆಯ ಅಂಚು, ಪ್ಯಾಲೆಟ್ ನೈಫು, ಗೋಡೆ ನೇರ ಮಾಡುವಾಗ ಸ್ಕ್ರೇಪರಿಗೆ ಬರುವ ಮುದ್ದೆ, ಇವಕ್ಕೆಲ್ಲ ಹತ್ತರಲ್ಲೊಂದು ಪಾಲು ಹೆಚ್ಚಿಗೆ ಹಿಡಿದರೆ ಒಂದು ಕೆ.ಜಿ. ಆಗುತ್ತದೆ. ‘ಅರ್ಧ ಕೆ.ಜಿ.’ ಅಂದವರು ಒಳಗಿನ ಪದರಗಳನ್ನು ಮರೆತೇಬಿಟ್ಟಿರುತ್ತಾರೆ.

ಇನ್ನೊಂದು ನಂಬಿಕೆ: ಕೇಕ್ ನಾಲ್ಕು ಪಟ್ಟಾದರೆ ಗನಾಶೂ ನಾಲ್ಕು ಪಟ್ಟು. 15 ಸೆಂ.ಮೀ. ಕೇಕಿನ ಬದಲು ಅಷ್ಟೇ ಎತ್ತರದ 30 ಸೆಂ.ಮೀ. ಕೇಕ್ ಮಾಡಿದರೆ ತೂಕವೇನೋ ನಾಲ್ಕು ಪಟ್ಟಾಗುತ್ತದೆ. ಮೇಲ್ಭಾಗವೂ ನಾಲ್ಕು ಪಟ್ಟು. ಆದರೆ ಗೋಡೆ ಬರೀ ಎರಡು ಪಟ್ಟು. ಆದ್ದರಿಂದ ಹೊರಮೈಗೆ ಬೇಕಾಗುವುದು ಎರಡೂವರೆ ಪಟ್ಟು ಅಷ್ಟೇ: ಚಿಕ್ಕದಕ್ಕೆ 375 ಗ್ರಾಂ, ದೊಡ್ಡದಕ್ಕೆ 950. ತೂಕ ನಂಬಿ ನಾಲ್ಕು ಪಟ್ಟು ಕರಗಿಸಿದರೆ ಅರ್ಧ ಕೆ.ಜಿ.ಗೂ ಮಿಕ್ಕಿ ಉಳಿದುಬಿಡುತ್ತದೆ. ಒಳಪದರಗಳಿಗೆ ಮಾತ್ರ ನಾಲ್ಕು ಪಟ್ಟು ಬೇಕೇ ಬೇಕು. ಇನ್ನು 20 ಸೆಂ.ಮೀ. ಚೌಕ ಕೇಕಿಗೂ 20 ಸೆಂ.ಮೀ. ದುಂಡು ಕೇಕಿಗೂ ಗನಾಶ್ ಒಂದೇ ಅನ್ನುವುದೂ ತಪ್ಪು; ಚೌಕದ ಹೊರಮೈಗೆ ದುಂಡಿಗಿಂತ ಕಾಲು ಭಾಗಕ್ಕೂ ತುಸು ಮಿಕ್ಕಿ ಹೆಚ್ಚು ಬೇಕು.

ಒಟ್ಟು ತೂಕ ಗೊತ್ತಾದ ಮೇಲೆ ಅದನ್ನು ಪಾಲು ಮಾಡುವುದು. ಡಾರ್ಕ್ ಚಾಕೊಲೇಟಿಗೆ ಎರಡು ಪಾಲು ಚಾಕೊಲೇಟ್, ಒಂದು ಪಾಲು ಕ್ರೀಮ್, ಒಂದು ಕೆ.ಜಿ.ಗೆ 670 ಮತ್ತು 330 ಗ್ರಾಂ. ಬಿಳಿ ಚಾಕೊಲೇಟಿಗೆ ಮೂರಕ್ಕೆ ಒಂದು. ಇದನ್ನು ಲೋಟದಲ್ಲಿ ಅಳೆದರೆ ಕೆಟ್ಟಿತು. ಕೊಚ್ಚಿದ ಚಾಕೊಲೇಟಿನ ಚೂರುಗಳ ನಡುವೆ ಗಾಳಿ ತುಂಬಿರುತ್ತದೆ. ಒಂದು ಕಪ್ಪಿಗೆ 170 ಗ್ರಾಂ ಹಿಡಿದರೆ ಹೆಚ್ಚು. ಅದೇ ಕಪ್ಪಿನ ಕ್ರೀಮ್ 240 ಗ್ರಾಂ ತೂಗುತ್ತದೆ. ಎರಡು ಕಪ್ಪಿಗೆ ಒಂದು ಕಪ್ಪು ಹಾಕಿದವರಿಗೆ ಸಿಗುವುದು 340ಕ್ಕೆ 240, ಗೋಡೆಯಿಂದ ಜಾರುವ ಗನಾಶ್.

‘ನಮ್ಮದು ತಂಪಿನ ಊರು, ಸಮಪಾಲು ಹಾಕಿದರೂ ನಿಲ್ಲುತ್ತದೆ’ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಆಟಿಯ ಮಳೆಯಲ್ಲಿ ಮಡಿಕೇರಿಯ ಅಡುಗೆಮನೆ ತಂಪು, ನಿಜ. ಆದರೆ ಕೇಕ್ ಅಲ್ಲೇ ಇರುವುದಿಲ್ಲ. ಘಾಟಿ ಇಳಿದು ಕುಶಾಲನಗರಕ್ಕೋ ಮೈಸೂರಿಗೋ ಹೋಗುತ್ತದೆ. ಕೇಕ್ ಕತ್ತರಿಸುವ ಊರಿನ ಬಿಸಿಲು ನೋಡಿ ಪಾಲು ನಿರ್ಧರಿಸಬೇಕು. ಏಪ್ರಿಲ್ ಆದರೆ ಡಾರ್ಕ್ ಚಾಕೊಲೇಟನ್ನು ಎರಡೂವರೆ ಪಾಲಿಗೆ ಏರಿಸುವುದು ಕ್ಷೇಮ. ಪಾಲು ಬದಲಾದರೂ ಒಟ್ಟು ತೂಕ ಬದಲಾಗುವುದಿಲ್ಲ, ಅದನ್ನು ಮತ್ತೆ ಲೆಕ್ಕ ಹಾಕಬೇಕಾಗಿಲ್ಲ. ಮಳೆಗಾಲದ ತೊಂದರೆಯೇ ಬೇರೆ: ಫ್ರಿಜ್ಜಿನಿಂದ ತೆಗೆದ ಕೇಕಿನ ಮೇಲೆ ಗಾಳಿಯ ತೇವ ಹನಿಗಟ್ಟುತ್ತದೆ. ಅದಕ್ಕೆ ಪೆಟ್ಟಿಗೆಯನ್ನು ತೆರೆಯದೆ ಹೊರಗಿಟ್ಟು, ಕೇಕ್ ಕೋಣೆಯ ಹದಕ್ಕೆ ಬಂದ ಮೇಲೆ ಮುಚ್ಚಳ ತೆಗೆಯಬೇಕು.

ಕೊಡಗಿನಲ್ಲಿದ್ದು ಗನಾಶಿಗೆ ಕಾಫಿ ಹಾಕದಿರುವುದು ಹೇಗೆ? ಇಲ್ಲೂ ಒಂದು ತಪ್ಪು ತಿಳಿವಳಿಕೆ ಇದೆ, ನಾಲ್ಕು ಚಮಚ ಡಿಕಾಕ್ಷನ್ ಸೇರಿಸಿದರೆ ಏನೂ ಆಗದು ಅಂತ. ಡಿಕಾಕ್ಷನ್ ಕೂಡ ನೀರೇ. ಅದನ್ನು ಕ್ರೀಮಿನ ಪಾಲಿನಲ್ಲೇ ಹಿಡಿಯಬೇಕು, ಇಲ್ಲದಿದ್ದರೆ ಗನಾಶ್ ಸಡಿಲವಾಗುತ್ತದೆ. ಅದಕ್ಕಿಂತ ಒಳ್ಳೆಯ ದಾರಿ, ಹುರಿದ ಬೀಜವನ್ನು ತರಿತರಿಯಾಗಿ ಜಜ್ಜಿ ಬಿಸಿ ಕ್ರೀಮಿನಲ್ಲಿ ಅರ್ಧ ಗಂಟೆ ಮುಚ್ಚಿಟ್ಟು ಸೋಸುವುದು. ಪರಿಮಳ ಪೂರ್ತಿ ಇಳಿಯುತ್ತದೆ. ಆದರೆ ಚರಟ ಒಂದಿಷ್ಟು ಕ್ರೀಮನ್ನು ಹೀರಿಕೊಂಡಿರುತ್ತದೆ. ಸೋಸಿದ್ದನ್ನು ಮತ್ತೆ ತಕ್ಕಡಿಗಿಟ್ಟು, ಕಡಿಮೆಯಾದಷ್ಟು ಹೊಸ ಕ್ರೀಮ್ ಸೇರಿಸಿ 330 ಗ್ರಾಂ ತುಂಬಿಸಿ, ಬಿಸಿ ಮಾಡಿ, ಆಮೇಲೆ ಚಾಕೊಲೇಟಿನ ಮೇಲೆ ಸುರಿಯಬೇಕು.